ಜಗಲಿಯಿಂದ ಹೊಲಕ್ಕೆ
(ರೈತ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬೆಲೆ, ಸಾಲದ ಮಾತು ಪ್ರತಿ ಸಭೆಯಲ್ಲೂ ಆಡುತ್ತೇವೆ. ಇವತ್ತು ಇನ್ನೊಂದು ಲೆಕ್ಕ ಕೇಳಿ. ಬುದ್ಧಿ ನಿಧಾನವಾಗಿ ಬೆಳೆದ ಮಗನನ್ನೋ ಮಗಳನ್ನೋ ಜಗಲಿ ಮೇಲೆ ಕೂರಿಸಿಬಿಟ್ಟ ಮನೆ ನಿಮ್ಮೂರಲ್ಲಿ ಇಲ್ಲವೇ? ‘ನಾವು ಹೋದ ಮೇಲೆ ಇವರ ಗತಿ ಏನು’ ಅಂತ ಹೆತ್ತವರು ನಿದ್ದೆಗೆಡುತ್ತಾರೆ.

ಅವರ ಶಾಲೆ ನಿಮ್ಮ ಹೊಲ, ಕೊಟ್ಟಿಗೆಯಲ್ಲೇ ಇದೆ. ಹಸುವಿಗೆ ನೀರು ಕುಡಿಸುವ ಕೆಲಸವನ್ನೇ ತಗೊಳ್ಳಿ. ಬಕೆಟ್ ಹಿಡಿಯೋದು, ತುಂಬಿಸೋದು, ಒಯ್ಯೋದು, ಕುಡಿಸೋದು: ಒಂದೊಂದೇ ಹಂತವನ್ನು ಕೈ ಹಿಡಿದು ಕಲಿಸಿ. ದಿನವೂ ಅದೇ ಹೊತ್ತು, ಅದೇ ಕ್ರಮ. ತಿಂಗಳುಗಟ್ಟಲೆ ಹಿಡಿದರೂ ಗದರಬೇಡಿ. ಆಮೇಲೆ ಡೇರಿಗೆ ಹಾಲು ಹಾಕಿ ಬರಲಿ, ಅಂಗಡಿಯಲ್ಲಿ ಚಿಲ್ಲರೆ ಎಣಿಸಲಿ.

ಆದರೆ ಪುಕ್ಕಟೆ ಆಳು ಸಿಕ್ಕಿತು ಎನ್ನಬೇಡಿ. ನಮ್ಮ ಬೆವರಿಗೆ ಬೆಲೆ ಕೇಳುವ ನಾವು ಅವರ ಬೆವರಿಗೆ ಬೆಲೆ ಕಟ್ಟದಿದ್ದರೆ ಅದ್ಯಾವ ನ್ಯಾಯ? ಅವರ ದುಡಿಮೆ ಅವರ ಹೆಸರಿನ ಪಾಸ್‌ಬುಕ್ಕಿಗೇ ಹೋಗಲಿ. ಜಮೀನು ಭಾಗವಾಗುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ಅವರ ಪಾಲು ನುಂಗಬೇಡಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅವರಿಗೂ ಎಲ್ಲರಂತೆ ಆಸ್ತಿಯ ಹಕ್ಕು ಕೊಟ್ಟಿದೆ. ಶೇಕಡಾ 40 ಅಥವಾ ಹೆಚ್ಚು ವೈಕಲ್ಯ ಇದ್ದವರಿಗೆ ಸರ್ಕಾರದ ಕೃಷಿಭೂಮಿ ಹಂಚಿಕೆ ಯೋಜನೆಗಳಲ್ಲಿ ಶೇಕಡಾ 5 ಮೀಸಲು ಎಂದಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಇದು ಭಿಕ್ಷೆಯಲ್ಲ, ಹಕ್ಕು.