ತಾಯಿಯಾದ ಹುಡುಗಿಯೂ ನಮ್ಮ ಶಾಲೆಯ ಮಗಳೇ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮೀಣ ಯುವಕರು’. ಅವರ ಅನುಮತಿ ಪಡೆದು ಬೇರೊಂದು ಮಾತು ಆಡುತ್ತೇನೆ. ಇವತ್ತು ಈ ಪೆಂಡಾಲಿನಲ್ಲಿ ಕುಳಿತ ನಮ್ಮ ಬ್ಯಾಚಿನ ಹುಡುಗರನ್ನು ಎಣಿಸಿದೆ. ಹೆಚ್ಚು ಕಡಿಮೆ ಎಲ್ಲರೂ ಬಂದಿದ್ದಾರೆ. ಹುಡುಗಿಯರು ಬೆರಳೆಣಿಕೆಯಷ್ಟು. ನಮ್ಮ ತರಗತಿಯಲ್ಲಿ ಗಣಿತದ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಬಿಡಿಸುತ್ತಿದ್ದವಳು ಒಬ್ಬ ಹುಡುಗಿ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬರುವ ಮೊದಲೇ ಅವಳ ಮದುವೆಯಾಯಿತು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅವಳ ಕಂಕುಳಲ್ಲಿ ಕೂಸಿತ್ತು. ಲೆಕ್ಕ ಬಿಡಿಸಲು ಅವಳಿಂದ ಕಲಿತವನು ಇಂಜಿನಿಯರ್ ಆದೆ. ಅವಳ ಹೆಸರು ಇವತ್ತಿನ ಸಾಧಕರ ಪಟ್ಟಿಯಲ್ಲಿಲ್ಲ.

ಇದು ಒಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 15ರಿಂದ 19ರ ವಯಸ್ಸಿನ ನೂರು ಹುಡುಗಿಯರಲ್ಲಿ ಐದಕ್ಕಿಂತ ಹೆಚ್ಚು ಮಂದಿ ಆಗಲೇ ತಾಯಿಯಾಗಿದ್ದರು ಅಥವಾ ಗರ್ಭಿಣಿಯಾಗಿದ್ದರು.

ನಮ್ಮ ಕಡೆ ಇದಕ್ಕೊಂದು ಹಂಗಾಮು ಇದೆ. ತೊಗರಿ ರಾಶಿಯಾಗಿ ಕೈಯಲ್ಲಿ ನಾಲ್ಕು ಕಾಸು ಬರುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯುತ್ತದೆ. ಹಿಂದೆಯೇ ಬಸವ ಜಯಂತಿ, ಅಕ್ಷಯ ತೃತೀಯ. ಹಂತಿಗೆ ಹಂತಿ ಮದುವೆಗಳು. ಚಿಂಚೋಳಿ, ಚಿತ್ತಾಪುರದ ತಾಂಡಾಗಳಿಂದ ಜನ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ವಾಡಿ ಜಂಕ್ಷನ್ನಿನಲ್ಲಿ ಗಂಟುಮೂಟೆ ಇಟ್ಟುಕೊಂಡು ರೈಲಿಗೆ ಕಾಯುವವರನ್ನು ನೀವೂ ನೋಡಿದ್ದೀರಿ. ಶಹಾಬಾದಿನ ಕಲ್ಲಿನ ಗಣಿಗೆ ಹೋಗುವವರ ಮನೆಯಲ್ಲೂ ಹಗಲಿಗೆ ಹಿರಿಯರು ಇರುವುದಿಲ್ಲ. “ಬೆಳೆದ ಹುಡುಗೀನ ಮನ್ಯಾಗ ಒಬ್ಬಾಕಿನ್ನೇ ಬಿಟ್ಟು ಹ್ಯಾಂಗ ಹೋಗ್ಲಿ ರೀ? ಕಾಲ ಕೆಟ್ಟದ” ಎಂದು ತಾಯಿ ಕೇಳಿದರೆ, ಅದು ಅಜ್ಞಾನದ ಮಾತಲ್ಲ, ಅಂಜಿಕೆಯ ಮಾತು. ಆ ಅಂಜಿಕೆಗೆ ಉತ್ತರ ಕೊಡದೆ ಬರೀ ಕಾನೂನು ಹೇಳಿದರೆ ಯಾರೂ ಕೇಳುವುದಿಲ್ಲ.

ಆದರೂ ಕಾನೂನು ತಿಳಿದಿರಬೇಕು. ಮೈಸೂರು ಸಂಸ್ಥಾನ 1894ರಲ್ಲೇ ಶಿಶುವಿವಾಹದ ವಿರುದ್ಧ ಕಾಯ್ದೆ ತಂದಿತು. 1929ರ ಶಾರದಾ ಕಾಯ್ದೆ ಬಂದದ್ದು ಬ್ರಿಟಿಷ್ ಇಂಡಿಯಾಕ್ಕೆ. ನಾವು 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವರು. ಇವತ್ತು ಆ ಭೇದವಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಎಲ್ಲರಿಗೂ ಒಂದೇ. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಆಮೇಲೆ ನಮ್ಮ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಸಾರಿತು. ಮದುವೆ ಮಾಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಇಲ್ಲಿ ನಮ್ಮ ಶಾಲೆಯ ಪಾತ್ರ ಬರುತ್ತದೆ. ಹುಡುಗಿಯ ವಯಸ್ಸಿನ ಬಗ್ಗೆ ತಕರಾರು ಬಂದಾಗ ಕಾನೂನು ಮೊದಲು ಕೇಳುವುದು ಶಾಲೆಯ ಜನ್ಮದಿನಾಂಕದ ದಾಖಲೆಯನ್ನು. ಆಧಾರ್ ಕಾರ್ಡಲ್ಲ, ಹಿರಿಯರ ಬಾಯಿಮಾತಲ್ಲ. ಮುಖ್ಯಗುರುಗಳ ಕಪಾಟಿನಲ್ಲಿರುವ ಆ ದೊಡ್ಡ ದಾಖಲಾತಿ ಪುಸ್ತಕವೇ ಒಂದು ಹುಡುಗಿಯ ಕಾವಲು. ನಾನು ದಿನವೂ ಕಂಪ್ಯೂಟರಿನಲ್ಲಿ ದತ್ತಾಂಶ ನೋಡುವವನು. ನಮ್ಮೂರಿನ ಅತ್ಯಂತ ಬೆಲೆಯುಳ್ಳ ದತ್ತಾಂಶ ಆ ಪುಸ್ತಕದಲ್ಲಿದೆ ಎಂದು ಖಾತ್ರಿಯಾಗಿ ಹೇಳಬಲ್ಲೆ.

ಮದುವೆ ತಡೆಯುವ ಮಾತು ಎಲ್ಲ ವೇದಿಕೆಯಲ್ಲೂ ಬರುತ್ತದೆ. ಆಗಿಹೋದವಳ ಮಾತು ಬರುವುದಿಲ್ಲ. ಹದಿನಾರಕ್ಕೆ ಬಸುರಾದವಳು ಎಲ್ಲಿಗೆ ಹೋಗಬೇಕು?

ಮೊದಲ ಅಡ್ಡಿ ಹೆದರಿಕೆ. 2012ರ ಪೋಕ್ಸೊ ಕಾಯ್ದೆಯಂತೆ 18ರೊಳಗಿನ ಹುಡುಗಿ ಬಸುರಾದದ್ದು ತಿಳಿದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಮದುವೆಯಾಗಿದೆ ಎಂಬ ಸಬೂಬು 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಡೆಯುವುದಿಲ್ಲ. ಹಾಗಾಗಿ ಮನೆಯವರು ವಯಸ್ಸು 19 ಎಂದು ಬರೆಸುತ್ತಾರೆ, ಇಲ್ಲವೇ ಆಸ್ಪತ್ರೆಯ ಮೆಟ್ಟಿಲೇ ಹತ್ತುವುದಿಲ್ಲ. ಎರಡೂ ಅಪಾಯ. ಎಳೆಯ ಮೈಯಲ್ಲಿ ರಕ್ತಹೀನತೆ, ಬಿಪಿ ಏರಿ ಬರುವ ನಂಜು, ಕಡಿಮೆ ತೂಕದ ಕೂಸು ಹೆಚ್ಚು. ವಯಸ್ಸು ತಪ್ಪು ಹೇಳಿದರೆ ವೈದ್ಯರಿಗೆ ಅಪಾಯದ ಅಳತೆ ಸಿಗುವುದಿಲ್ಲ.

ಕೇಸು ಆಗುವುದಿಲ್ಲ ಎಂದು ನಾನು ಸುಳ್ಳು ಭರವಸೆ ಕೊಡಲಾರೆ. ಆದರೆ ಮೂರು ಮಾತು ನೆನಪಿಡಿ. ಒಂದು, ಆ ಕೇಸಿನಲ್ಲಿ ಹುಡುಗಿ ಆರೋಪಿಯಲ್ಲ, ಅವಳ ಹೆಸರು, ಗುರುತು ಹೊರಗೆ ಹಾಕುವುದೇ ಅಪರಾಧ. ಎರಡು, ಬಾಲ್ಯವಿವಾಹದಲ್ಲಿ ಹುಟ್ಟಿದ ಕೂಸು ಕಾನೂನಿನ ಕಣ್ಣಿನಲ್ಲಿ ಔರಸ ಸಂತಾನವೇ, ಮತ್ತು ಹುಡುಗಿ ಜೀವನಾಂಶ ಕೇಳಬಹುದು. ಮೂರು, ಕೇಸು ವರ್ಷಗಟ್ಟಲೆ ನಡೆಯಲಿ, ಹೆರಿಗೆ ಕಾಯುವುದಿಲ್ಲ. ಮುಚ್ಚಿಟ್ಟು ಮನೆಯಲ್ಲಿ ಹೆರಿಗೆ ಮಾಡಿಸಿ ಜೀವ ಹೋದರೆ ಯಾವ ನ್ಯಾಯಾಲಯವೂ ತಂದುಕೊಡದು.

ಮದುವೆಯಿಲ್ಲದೆ, ಬಲಾತ್ಕಾರದಿಂದ ಅಥವಾ ಮೋಸದಿಂದ ಬಸುರಾದ ಹುಡುಗಿಯ ಸಂಗತಿ ಇನ್ನೂ ಕಠಿಣ. ಮನೆಯವರು ಬೇಗ ಆಸ್ಪತ್ರೆಗೆ ಬಂದರೆ ದಾರಿಗಳಿವೆ. 2021ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನವರಿಗೆ, ಪೋಷಕರ ಒಪ್ಪಿಗೆಯ ಮೇಲೆ, 24 ವಾರದವರೆಗೆ ವೈದ್ಯರ ಮೂಲಕ ಗರ್ಭ ತೆಗೆಸಲು ಅವಕಾಶವಿದೆ. ಹೆತ್ತ ಮೇಲೆ ಸಾಕಲಾಗದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕೂಸನ್ನು ಒಪ್ಪಿಸಬಹುದು. ಮನಸ್ಸು ಬದಲಾದರೆ ಅರವತ್ತು ದಿನದ ಗಡುವಿದೆ. ತಿಪ್ಪೆಯಲ್ಲಿ, ಮುಳ್ಳಿನ ಪೊದೆಯಲ್ಲಿ ಕೂಸು ಸಿಕ್ಕಿತು ಎಂಬ ಸುದ್ದಿ ಓದುವಾಗ, ಈ ದಾರಿಯನ್ನು ಆ ಹುಡುಗಿಗೆ ಯಾರೂ ಹೇಳಿರಲಿಲ್ಲವೇ ಎಂದು ಹೊಟ್ಟೆ ಉರಿಯುತ್ತದೆ.

ಊರಿನಲ್ಲೇ ಸಿಗುವ ಆಸರೆಯೂ ಸಣ್ಣದಲ್ಲ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸುತ್ತಾರೆ. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಬಸುರಿ ಬಾಣಂತಿಯರಿಗೆ ಬಿಸಿಯೂಟ, ಮೊಟ್ಟೆ, ಹಾಲು ಕೊಡುತ್ತಾರೆ. ಜನನಿ ಸುರಕ್ಷಾ ಯೋಜನೆಗೆ ಮೊದಲು 19 ವರ್ಷದ ಷರತ್ತಿತ್ತು, 2013ರಲ್ಲಿ ಅದನ್ನು ತೆಗೆದರು. ಆದರೆ ಪ್ರಧಾನಮಂತ್ರಿ ಮಾತೃವಂದನಾದ ಹಣ ಈ ಎಳೆಯ ತಾಯಂದಿರಿಗೆ ಇಂದಿಗೂ ಸಿಗುವುದಿಲ್ಲ, ವಯಸ್ಸಿನ ಷರತ್ತು ಅಡ್ಡ ಬರುತ್ತದೆ. ಬಾಲ್ಯವಿವಾಹಕ್ಕೆ ಸರಕಾರವೇ ದುಡ್ಡು ಕೊಟ್ಟಂತಾಗಬಾರದು ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಮದುವೆ ಮಾಡಿದವರು ಹಿರಿಯರು, ಹಾಲು ಮೊಟ್ಟೆಗೆ ಕೊರತೆಯಾಗುವುದು ಹುಡುಗಿಗೆ ಮತ್ತು ಕೂಸಿಗೆ. ಆ ಕೊರತೆಯನ್ನು ಊರು ತುಂಬಬೇಕು.

ದುಡಿಯಲು ವಲಸೆ ಹೋಗುವಾಗ ತಾಯಿ ಕಾರ್ಡ್ ಗಂಟಿನಲ್ಲಿ ಕಟ್ಟಿಕೊಂಡು ಹೋಗಲು ಹೇಳಿ. ಹೋದ ಊರಿನ ಅಂಗನವಾಡಿಯಲ್ಲೂ ಹೆಸರು ವರ್ಗಾಯಿಸಲು ಅವಕಾಶವಿದೆ.

ಇನ್ನು ಓದು. ತಾಯಿಯಾದವಳು ಶಾಲೆಗೆ ಬರಬಾರದು ಎಂಬ ನಿಯಮ ಎಲ್ಲಿಯೂ ಇಲ್ಲ. ಇರುವುದು ನಾಚಿಕೆ ಮಾತ್ರ. ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮುಕ್ತ ಶಾಲೆಯ ಮೂಲಕವೂ ಬರೆಯಬಹುದು. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಕೆಲವು ಪಂಚಾಯ್ತಿಗಳಲ್ಲಿ ಕೂಸಿನ ಮನೆಗಳೂ ತೆರೆದಿವೆ. 371(ಜೆ) ಕಲಂ 2013ರಲ್ಲಿ ಜಾರಿಯಾಗಿ ನಮ್ಮ ಭಾಗದ ಮಕ್ಕಳಿಗೆ ಸೀಟಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಬಂತು. ಹತ್ತನೇ ತರಗತಿಯಲ್ಲೇ ನಿಂತವಳಿಗೆ ಆ ಬಾಗಿಲು ತೆರೆದರೂ ಒಂದೇ, ಮುಚ್ಚಿದರೂ ಒಂದೇ.

ಈ ಮಾತು ಕೇಳಿದ ಕೆಲ ಗೆಳೆಯರು, “ನೀ ಸಾಫ್ಟ್‌ವೇರ್‌ದಾಂವ ಇದ್ದಿ, ಇಂಥ ಹುಡುಗಿಯರದೊಂದು ಆ್ಯಪ್ ಮಾಡಿಕೊಡು” ಅಂದರು. ನಾನು ಬೇಡ ಅಂದೆ. ಬಸುರಾದ ಎಳೆಯ ಹುಡುಗಿಯರ ಹೆಸರಿನ ಪಟ್ಟಿ ಒಮ್ಮೆ ಮೊಬೈಲಿಗೆ ಬಂದರೆ ಸಂಜೆಯೊಳಗೆ ಊರ ಕಟ್ಟೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತದೆ. ಇಲ್ಲಿ ಬೇಕಾದದ್ದು ಆ್ಯಪ್ ಅಲ್ಲ, ಬಾಯಿ ಗಟ್ಟಿಯಿರುವ ಇಬ್ಬರು ಅಕ್ಕಂದಿರು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಸಂಘದ ಮುಂದೆ ನನ್ನ ನಾಲ್ಕು ಕೋರಿಕೆಗಳಿವೆ. ಮೊದಲನೆಯದು, ಯಾವ ಹುಡುಗಿಯಾದರೂ ವಾರ ಶಾಲೆಗೆ ಬರದಿದ್ದರೆ ಒಬ್ಬ ಶಿಕ್ಷಕಿ, ಒಬ್ಬ ತಾಯಿ ಸೇರಿ ಅವಳ ಮನೆಗೆ ಹೋಗಲಿ. ಬೆದರಿಸಲು ಅಲ್ಲ, ವಿಚಾರಿಸಲು. ಎರಡನೆಯದು, ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಆಂಬುಲೆನ್ಸ್ 108 ಬರೆಸೋಣ. ಮೂರನೆಯದು, ಓದು ಬಿಟ್ಟ ಎಳೆಯ ತಾಯಂದಿರು ಮತ್ತೆ ಪರೀಕ್ಷೆ ಕಟ್ಟಲು ಶುಲ್ಕ, ಪುಸ್ತಕದ ಖರ್ಚು ಸಂಘ ಭರಿಸಲಿ. ರವಿವಾರ ಶಾಲೆಯ ಒಂದು ಕೋಣೆ ಅವರಿಗೆ ಸಿಗಲಿ, ಕೂಸಿಗೆ ಜೋಳಿಗೆ ಕಟ್ಟಲು ಜಾಗವೂ ಇರಲಿ. ಮೊದಲ ವರ್ಷದ ಖರ್ಚನ್ನು ನಮ್ಮ ಬ್ಯಾಚಿನವರು ಹೊರುತ್ತೇವೆ. ಗಣಿತ ಹೇಳಿಕೊಡಲು ತಿಂಗಳಿಗೊಂದು ರವಿವಾರ ನಾನೇ ಬರುತ್ತೇನೆ. ನಾಲ್ಕನೆಯದು, ದುಡಿಯಲು ಹೋಗುವ ಮನೆಯ ಹುಡುಗಿಯರಿಗೆ ಹಾಸ್ಟೆಲ್ ಅಥವಾ ಕಸ್ತೂರಬಾ ಶಾಲೆಯಲ್ಲಿ ಸೀಟು ಕೊಡಿಸುವ ಓಡಾಟವನ್ನು ದೀಪಾವಳಿಗಿಂತ ಮೊದಲೇ ಮುಗಿಸೋಣ. ಮೊದಲು ಹೇಳಿದ ಆ ತಾಯಿಯ ಅಂಜಿಕೆಗೆ ಇದೇ ಉತ್ತರ.

ಗಂಡಸರಿಗೂ ಒಂದು ಮಾತು. ಮದುವೆಯ ದಿಬ್ಬಣಕ್ಕೆ ಟ್ರ್ಯಾಕ್ಟರ್ ಕೊಡುವವರು, ಪೆಂಡಾಲ್ ಹಾಕುವವರು, ಅಕ್ಷತೆ ಹಾಕುವವರು ನಾವೇ. ಹುಡುಗಿಯ ವಯಸ್ಸು ಎಷ್ಟು ಎಂದು ಮೊದಲು ಕೇಳಿ, ಆಮೇಲೆ ಊಟದ ಎಲೆಯ ಮುಂದೆ ಕೂಡ್ರಿ.

ಐವತ್ತು ವರ್ಷದಲ್ಲಿ ನಮ್ಮ ಶಾಲೆಯಿಂದ ಶಿಕ್ಷಕರು, ಸೈನಿಕರು, ಡಾಕ್ಟರರು ಹೊರಬಂದಿದ್ದಾರೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದೇವೆ. ಹೊಸ್ತಿಲು ದಾಟಿ ಹಿಂದಿರುಗದ ಹೆಣ್ಣುಮಕ್ಕಳೂ ಇದೇ ಹಾಜರಿ ಪುಸ್ತಕದವರು. ಅವರಲ್ಲಿ ಹತ್ತು ಮಂದಿ ಬರುವ ವರ್ಷ ಪರೀಕ್ಷೆಗೆ ಕುಳಿತರೆ ಈ ಸುವರ್ಣ ಮಹೋತ್ಸವ ಸಾರ್ಥಕ. ಹೆಸರು ಕೊಡಲು ಇಷ್ಟವಿರುವ ಅಕ್ಕಂದಿರು ಕಾರ್ಯಕ್ರಮ ಮುಗಿದ ಮೇಲೆ ಶಿಕ್ಷಕಿಯರ ಕೋಣೆಗೆ ಬನ್ನಿ.