ನೆತ್ತಿಯ ಗಾಯ ಮತ್ತು ಅದರ ಪುನರ್ರಚನೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಉತ್ಸವದ ವೇದಿಕೆಯಲ್ಲಿ ಗಾಯದ ಮಾತನ್ನೆತ್ತುವುದು ಉಚಿತವೆ ಎಂದು ಕೆಲವರಿಗೆ ಅನಿಸೀತು. ಆದರೆ ನಮ್ಮ ಸೊಲ್ಲಾಪುರವು ಮಗ್ಗಗಳ ಊರು. ಸುತ್ತಣ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿಗಳುಂಟು, ರಾಶಿ ಮಾಡುವ ಯಂತ್ರಗಳುಂಟು. ಅವುಗಳ ಬಳಿ ನಮ್ಮ ಹೆಣ್ಣುಮಕ್ಕಳು ದುಡಿಯುತ್ತಾರೆ. ಆದುದರಿಂದ ಈ ವಿಷಯವನ್ನು ನಮ್ಮ ನುಡಿಯಲ್ಲಿಯೇ ನಿಮ್ಮ ಮುಂದಿಡಲು ಬಯಸಿದೆನು.

ಕೆಲವು ವರ್ಷಗಳ ಹಿಂದೆ ಒಬ್ಬ ಬಾಲಿಕೆಯನ್ನು ನನ್ನಲ್ಲಿಗೆ ಕರೆತಂದರು. ಗಿರಣಿಯ ಪಟ್ಟಾದಲ್ಲಿ ಜಡೆ ಸಿಕ್ಕಿ, ಹುಬ್ಬಿನಿಂದ ಹೆಕ್ಕತ್ತಿನವರೆಗೆ ತಲೆಯ ಚರ್ಮ ಕಿತ್ತುಹೋಗಿತ್ತು. "ಆ ಚರ್ಮವೆಲ್ಲಿ?" ಎಂದು ಕೇಳಿದೆ. "ಮಣ್ಣಾಗ ಹೂತು ಬಂದೀವ್ರೀ, ಸಾಹೇಬ್ರ" ಎಂದನು ತಂದೆ. ಅವನದು ತಪ್ಪಲ್ಲ; ಅವನಿಗೆ ತಿಳಿಯಹೇಳಿದವರೇ ಇರಲಿಲ್ಲ.

ನೆತ್ತಿಯ ಹೊದಿಕೆಗೆ ಐದು ಪದರಗಳು. ಮೇಲೆ ಚರ್ಮ, ಅದರಡಿ ರಕ್ತನಾಳಗಳು ತುಂಬಿದ ಗಟ್ಟಿ ಪದರ, ಬಳಿಕ ಬಿಗಿಯಾದ ನಾರಿನ ಹಾಳೆ, ಅನಂತರ ಒಂದು ಸಡಿಲ ಪದರ, ಕೊನೆಗೆ ಎಲುಬಿಗಂಟಿದ ತೆಳುಪೊರೆ. ಎರಡನೆಯ ಪದರದಲ್ಲಿ ನಾಳಗಳು ಸುಲಭವಾಗಿ ಮುಚ್ಚಿಕೊಳ್ಳುವುದಿಲ್ಲ. ಆದುದರಿಂದಲೇ ತಲೆಯ ಗಾಯದಲ್ಲಿ ರಕ್ತ ವಿಪರೀತವಾಗಿ ಸುರಿಯುತ್ತದೆ. ಜಡೆಯನ್ನು ಯಂತ್ರವು ಸೆಳೆದಾಗ ಬಿಟ್ಟುಕೊಡುವುದು ಆ ಸಡಿಲ ಪದರ.

ಎಲುಬಿನ ಮೇಲಣ ಪೊರೆ ಉಳಿದಿದ್ದರೆ, ತೊಡೆಯಿಂದ ತೆಗೆದ ತೆಳುಚರ್ಮವು ಅದರ ಮೇಲೆ ನಾಟುತ್ತದೆ. ಪೊರೆಯೂ ಹೋಗಿ ಎಲುಬು ಬರಿದಾದರೆ ಆ ಚರ್ಮ ನಾಟದು. ಎಲುಬು ಒಣಗಿ ಸಾಯತೊಡಗುತ್ತದೆ. ಫ್ರಾನ್ಸಿನ ಬೆಲೋಸ್ತ್ ಎಂಬ ಶಸ್ತ್ರವೈದ್ಯನು 1696ರಲ್ಲಿಯೇ ಇದಕ್ಕೊಂದು ಉಪಾಯವನ್ನು ಬರೆದನು: ಬರಿದಾದ ಎಲುಬಿನಲ್ಲಿ ಸಣ್ಣ ರಂಧ್ರಗಳನ್ನು ಕೊರೆದರೆ ಒಳಗಿನಿಂದ ಹೊಸ ಮಾಂಸಾಂಕುರ ಮೇಲೇಳುತ್ತದೆ. ಅಮೆರಿಕದ ನ್ಯಾಶ್‌ವಿಲ್ ವಸಾಹತಿನ ಮುಂದಾಳು ಜೇಮ್ಸ್ ರಾಬರ್ಟ್‌ಸನ್ನನು ಇದೇ ಬಗೆಯ ಚಿಕಿತ್ಸೆಯ ವೃತ್ತಾಂತವನ್ನು 1806ರಲ್ಲಿ ಪ್ರಕಟಿಸಿದನು. ಆತನು ವೈದ್ಯನೇನೂ ಅಲ್ಲ.

ಈಗಿನ ವಿಧಾನಗಳು ಹಲವು. ಸಣ್ಣ ಗಾಯವಾದರೆ ಅಂಚುಗಳನ್ನು ಕೂಡಿಸಿ ಹೊಲಿಯಬಹುದು. ಅದಕ್ಕಿಂತ ದೊಡ್ಡದಾದರೆ, ರಕ್ತನಾಳ ಕಡಿಯದಂತೆ ಪಕ್ಕದ ಚರ್ಮವನ್ನು ಸರಿಸಿ ಹೊದಿಸುತ್ತಾರೆ. ಒರ್ಟಿಕೊಚಿಯಾ ಎಂಬವರು 1967ರಲ್ಲಿ ಇಂತಹ ನಾಲ್ಕು ಪಟ್ಟಿಗಳ ಕ್ರಮವನ್ನು ಪ್ರಕಟಿಸಿದರು. ಗಾಯ ಮಾಸಿದ ಮೇಲೆ, ಉಳಿದ ಕೂದಲಿನ ಭಾಗದಡಿ ಸಿಲಿಕೋನಿನ ಚೀಲವನ್ನಿರಿಸಿ, ವಾರವಾರವೂ ಉಪ್ಪುನೀರು ತುಂಬಿ, ಚರ್ಮವನ್ನು ಹಿಗ್ಗಿಸುವುದೂ ಉಂಟು. ಹೀಗೆ ನೆತ್ತಿಯ ಅರ್ಧದಷ್ಟು ಬೋಳುಭಾಗವನ್ನು ಕೂದಲುಳ್ಳ ಚರ್ಮದಿಂದಲೇ ಮುಚ್ಚಬಹುದು.

ಇಡೀ ನೆತ್ತಿಯೇ ಕಿತ್ತುಬಂದಾಗ ಅದರದೇ ಚರ್ಮಕ್ಕಿಂತ ಉತ್ತಮವಾದುದು ಬೇರಿಲ್ಲ. ಸೂಕ್ಷ್ಮದರ್ಶಕದಡಿ ನಾಳಗಳನ್ನು ಹೊಲಿದು, ಕಿತ್ತುಬಂದ ನೆತ್ತಿಯನ್ನು ಮರಳಿ ಜೀವಂತವಾಗಿ ಕೂಡಿಸಿದ ವರದಿಯನ್ನು ಮಿಲ್ಲರ್ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಹಾಗೆ ಕೂಡಿಸಿದ ನೆತ್ತಿಯಲ್ಲಿ ಕೂದಲು ಮತ್ತೆ ಬೆಳೆಯುತ್ತದೆ.

ಆದುದರಿಂದ ನನ್ನ ಬಿನ್ನಹವಿಷ್ಟು. ಮೊದಲು ಯಂತ್ರವನ್ನು ನಿಲ್ಲಿಸಿರಿ. ಶುದ್ಧವಾದ ಬಟ್ಟೆಯಿಂದ ಗಾಯವನ್ನು ಒತ್ತಿಹಿಡಿಯಿರಿ. ಎಲುಬು ತಗ್ಗಾಗಿ ಕಂಡರೆ ಅಲ್ಲಿ ಒತ್ತಬೇಡಿರಿ. ಕತ್ತನ್ನು ಅಲುಗಿಸಬೇಡಿರಿ. ಅರಿಸಿನ, ಕಾಫಿಪುಡಿ, ಬೂದಿ ಯಾವುದನ್ನೂ ಹಾಕಬೇಡಿರಿ. ಕಿತ್ತುಬಂದ ಚರ್ಮವನ್ನು ತೇವದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿರಿ. ಚರ್ಮಕ್ಕೆ ಮಂಜುಗಡ್ಡೆ ನೇರವಾಗಿ ತಾಗಬಾರದು. ರೋಗಿಯ ಜೊತೆಯಲ್ಲಿಯೇ ಅದನ್ನು ದೊಡ್ಡ ಆಸ್ಪತ್ರೆಗೆ ತನ್ನಿರಿ. ಒಂದೊಂದು ಗಂಟೆಗೂ ಬೆಲೆಯುಂಟು.

ಇದೆಲ್ಲಕ್ಕಿಂತ ಮೇಲಾದುದು ಮುನ್ನೆಚ್ಚರಿಕೆ. ಜಡೆಯನ್ನು ತುರುಬು ಕಟ್ಟಿ, ಮೇಲೆ ಬಟ್ಟೆ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಯಂತ್ರದ ಬಳಿ ಹೋಗತಕ್ಕದ್ದು. ಮಾಲಿಕರು ಪಟ್ಟಾಕ್ಕೆ ಕಾಪು ಹಾಕಿಸತಕ್ಕದ್ದು.

ಆ ಬಾಲಿಕೆಯ ತಲೆಯಲ್ಲಿ ಎಲುಬಿನ ಪೊರೆ ಉಳಿದಿತ್ತು. ತೊಡೆಯ ಚರ್ಮ ಹಾಕಿದೆವು. ಗಾಯ ಮಾಯಿತು, ಜೀವ ಉಳಿಯಿತು. ಕೂದಲು ಮಾತ್ರ ಬರಲಿಲ್ಲ. ಇಂದಿಗೂ ಅವಳು ತಲೆಯ ಮೇಲಣ ಸೆರಗನ್ನು ಜಾರಗೊಡುವುದಿಲ್ಲ. ಇಂದು ಕೇಳಿದ ಮಾತನ್ನು ನಿಮ್ಮ ಓಣಿಯ ಗಿರಣಿಯವರೆಗೆ ಮುಟ್ಟಿಸಿದಿರಾದರೆ, ಮತ್ತೊಬ್ಬ ತಂದೆ ಮಗಳ ನೆತ್ತಿಯನ್ನು ಮಣ್ಣಿನಲ್ಲಿ ಹೂತು ಬರುವುದಿಲ್ಲ.