ತಂತ್ರಾಂಶ ಕಟ್ಟುವ ಮೊದಲು ಕೇಳಿ ತಿಳಿಯಿರಿ

(ಜಯನಗರದಲ್ಲಿ ನಡೆದ ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ತಂತ್ರಾಂಶದ ಬಗ್ಗೆ ಮಾತನಾಡಲು ಭಾಷಾ ಶಿಕ್ಷಕನನ್ನು ಏಕೆ ಕರೆದರು ಎಂದು ನಿಮಗೆ ಅನಿಸಬಹುದು. ಒಂದು ತಂತ್ರಾಂಶ ಕೆಡಲು ನಾನೇ ಕಾರಣನಾಗಿದ್ದೆ. ಆ ಅನುಭವವನ್ನು ನಿಮ್ಮ ಮುಂದಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬ ದಾಖಲಾತಿಗಾಗಿ ಪುಟ್ಟ ತಂತ್ರಾಂಶ ಮಾಡಿಕೊಟ್ಟ. ಬಿ.ಟಿ.ಎಂ. ಲೇಔಟಿನ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ರಜೆಯ ದಿನಗಳಲ್ಲಿ ಕುಳಿತು, ಕಾಸು ಪಡೆಯದೆ ಮಾಡಿದ. "ಸರ್, ಹೆಸರಿಗೆ ಎಷ್ಟು ಕಾಲಂ ಬೇಕು?" ಎಂದು ಕೇಳಿದ. ನಾನು ಉತ್ತರಪತ್ರಿಕೆ ತಿದ್ದುತ್ತಾ, ತಲೆ ಎತ್ತದೆ, "ಎರಡು ಇಡು ಬೇಟಾ, ಹೆಸರು ಒಂದು, ಮನೆತನದ ಹೆಸರು ಒಂದು" ಎಂದುಬಿಟ್ಟೆ.

ಎರಡೂ ಕಡ್ಡಾಯವಾದವು. ನಮ್ಮ ಮಕ್ಕಳಲ್ಲಿ ಒಂದೇ ಪದದ ಹೆಸರಿರುವವರು ಎಷ್ಟೋ ಮಂದಿ. ಎರಡನೆಯ ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗದು. ಗುಮಾಸ್ತರು ಕೆಲವರಿಗೆ ತಂದೆಯ ಹೆಸರು, ಕೆಲವರಿಗೆ ಚುಕ್ಕಿ, ಕೆಲವು ಹೆಣ್ಣುಮಕ್ಕಳಿಗೆ 'ಬೇಗಂ' ಎಂದು ತುಂಬಿದರು. ವಿದ್ಯಾರ್ಥಿವೇತನದ ಅರ್ಜಿ ಹಾಕುವಾಗ ಶಾಲೆಯ ದಾಖಲೆಗೂ ಆಧಾರ್ ಕಾರ್ಡಿಗೂ ಹೆಸರು ಹೊಂದಲಿಲ್ಲ. ತಿದ್ದುಪಡಿಗೆ ಓಡಾಡುವಷ್ಟರಲ್ಲಿ ಒಬ್ಬ ಹುಡುಗಿಗೆ ಕೊನೆಯ ದಿನಾಂಕ ಕಳೆದುಹೋಯಿತು. ಆಕೆಯ ತಂದೆ ಗಾರೆ ಕೆಲಸದವರು. "ಹೋಗಲಿ ಬಿಡಿ ಮಾಸ್ಟರ್" ಎಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಕೋಡಿನಲ್ಲಿ ತಪ್ಪಿರಲಿಲ್ಲ, ವಿನ್ಯಾಸದಲ್ಲಿ ತಪ್ಪಿತ್ತು. ಆದ್ದರಿಂದ ಮೊದಲ ಪಾಠ: ಬಳಸುವವರನ್ನು ಕೇಳಿ, ಕೇಳಿದರೆ ಸಾಲದು, ನೋಡಿ. ಗುಮಾಸ್ತರ ಪಕ್ಕದಲ್ಲಿ ಒಂದು ದಿನ ಕುಳಿತು ಹಳೆಯ ಐವತ್ತು ಅರ್ಜಿ ತಿರುವಿದ್ದರೆ ಈ ವಿಷಯ ತಾನಾಗಿ ತಿಳಿಯುತ್ತಿತ್ತು.

ಇದಕ್ಕೆ ನಮ್ಮ ಕನ್ನಡದಲ್ಲೇ ಒಳ್ಳೆಯ ಮಾದರಿ ಇದೆ. ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು ನಾವೇ ಜೋಡಿಸಬೇಕಿತ್ತು. ಕೆ.ಪಿ. ರಾವ್ ಅವರು ಕೀಲಿಮಣೆ ರೂಪಿಸುವಾಗ ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. 'ಕ' ಒತ್ತಿ 'ಇ' ಒತ್ತಿದರೆ 'ಕಿ' ಆಗುತ್ತದೆ. ಜೋಡಿಸುವ ಕಷ್ಟ ಯಂತ್ರಕ್ಕೆ, ಸುಲಭ ಮನುಷ್ಯನಿಗೆ. ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯೇ ಸಾಕಾಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿರುವ ಕೀಲಿಮಣೆಗೆ ಇದೇ ಆಧಾರ.

ಎರಡನೆಯ ಪಾಠ: ಉಳಿಸುವುದು ಬೇರೆ, ತೋರಿಸುವುದು ಬೇರೆ. ಹಳೆಯ ಕನ್ನಡ ಫಾಂಟುಗಳ ಕಾಲದಲ್ಲಿ ಕಡತದೊಳಗೆ ಉಳಿಯುತ್ತಿದ್ದುದು ಅಕ್ಷರವಲ್ಲ, ಅದರ ಆಕಾರದ ತುಂಡುಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಉರ್ದುವಿನ ಹಳೆಯ ಇನ್‌ಪೇಜ್ ಕಡತಗಳನ್ನೂ ಪರಿವರ್ತಿಸದೆ ಬೇರೆಡೆ ಬಳಸಲಾಗದು. 1991ರಲ್ಲಿ ಬಂದ ಯೂನಿಕೋಡ್ ಇದನ್ನು ಸರಿಪಡಿಸುವ ದಾರಿ ತೋರಿತು. ಉರ್ದುವಿನ 'ಬೇ' ಪದದ ಆರಂಭದಲ್ಲಿ ಒಂದು ರೂಪ, ನಡುವೆ ಒಂದು, ಕೊನೆಯಲ್ಲಿ ಇನ್ನೊಂದು. ಉಳಿಯುವುದು ಮಾತ್ರ ಒಂದೇ 'ಬೇ'. ರೂಪ ಕೊಡುವುದು ಫಾಂಟಿನ ಕೆಲಸ.

ಮೂರನೆಯದು: 1972ರಲ್ಲಿ ಡೇವಿಡ್ ಪಾರ್ನಾಸ್ ಎಂಬ ವಿದ್ವಾಂಸರು ಒಂದು ಲೇಖನದಲ್ಲಿ ತಿಳಿಸಿದ ಮಾತಿನ ಸಾರ ಹೀಗಿದೆ. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಭಾಗದೊಳಗೇ ಇಡಿ, ಉಳಿದ ಭಾಗಗಳು ಅದನ್ನು ನಂಬಿ ಕೂರದಿರಲಿ. ನಮ್ಮ ತಂತ್ರಾಂಶದಲ್ಲಿ ಹೆಸರಿನ ನಿಯಮ ದಾಖಲಾತಿ, ಅಂಕಪಟ್ಟಿ, ವರ್ಗಾವಣೆ ಪತ್ರ, ಹೀಗೆ ಆರು ಕಡೆ ಹರಡಿತ್ತು. ತಿದ್ದಲು ಆ ಹುಡುಗನಿಗೆ ಮೂರು ಭಾನುವಾರ ಹಿಡಿಯಿತು. ಒಂದೇ ಕಡೆ ಇದ್ದಿದ್ದರೆ ಒಂದು ಗಂಟೆಯ ಕೆಲಸ.

ವಿದ್ಯಾರ್ಥಿಗಳೇ, ಇದನ್ನೆಲ್ಲ ಕಲಿಯುವುದು ಹೇಗೆ? ಮೊದಲು ಕಾಗದದ ಮೇಲೆ ಪೆನ್ಸಿಲಿನಿಂದ ಪರದೆಗಳನ್ನು ಬರೆಯಿರಿ. ಅಳಿಸಲು ರಬ್ಬರ್ ಸಾಕು. ಚಿಕ್ಕದಾಗಿ ಶುರುಮಾಡಿ. ನಿಮ್ಮ ಅಮ್ಮಿಯ ಕೈಗೋ ಶಾಲೆಯ ಗುಮಾಸ್ತರ ಕೈಗೋ ಕೊಟ್ಟು, ಬಾಯಿ ಮುಚ್ಚಿ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಪ್ಪು ನಿಮ್ಮದು, ಅವರದಲ್ಲ. ಕೋಡಿನೊಳಗೆ ಇಡುವ ಹೆಸರುಗಳು ಆರು ತಿಂಗಳ ನಂತರ ನಿಮಗೇ ಅರ್ಥವಾಗುವಂತಿರಲಿ. ಪ್ರತಿ ಬದಲಾವಣೆಯ ಹಳೆಯ ಪ್ರತಿ ಉಳಿಸಿ. ಅದಕ್ಕೆ 2005ರಿಂದ 'ಗಿಟ್' ಎಂಬ ಉಚಿತ ಸಾಧನವಿದೆ. ಪರಿಣತರು ಬರೆದ ಕೋಡನ್ನು ಓದಿ. ಒಳ್ಳೆಯ ಗದ್ಯ ಓದದೆ ಒಳ್ಳೆಯ ಪ್ರಬಂಧ ಬರೆದವರನ್ನು ನಾನು ಕಂಡಿಲ್ಲ.

ಈಗ ಆ ತಂತ್ರಾಂಶದಲ್ಲಿ 'ಆಧಾರ್‌ನಲ್ಲಿರುವಂತೆ ಪೂರ್ಣ ಹೆಸರು' ಎಂಬ ಒಂದೇ ಕಾಲಂ ಇದೆ. ಮರುವರ್ಷ ಆ ಹುಡುಗಿಗೆ ಹಣ ಬಂತು. ಕಳೆದುಹೋದ ವರ್ಷದ್ದು ಬರಲಿಲ್ಲ. ನಾಳೆ ನಿಮ್ಮಲ್ಲಿ ಯಾರೋ ಒಬ್ಬರು ಇಂತಹ ಕಾಲಂ ಬರೆಯುವವರಿದ್ದೀರಿ. ಆಗ ಒಮ್ಮೆ ನಿಂತು ಕೇಳಿ. ಮತ್ತು ನಿಮ್ಮನ್ನು ಯಾರಾದರೂ ಕೇಳಿದರೆ, ನನ್ನಂತೆ ಮಾಡದೆ, ತಲೆ ಎತ್ತಿ ಉತ್ತರ ಕೊಡಿ.